ಪಂಪಿಂಗ್ 30 ಎಂದ ಮೇಲೆ: ಹೃದಯ ವೈಫಲ್ಯದ ಚೀಟಿಯಲ್ಲಿ ಯಾವುದಕ್ಕೆ ಮೊದಲ ದುಡ್ಡು?

ತಿಂಗಳ ಮೊದಲ ವಾರ ನಮ್ಮ ಔಷಧಿ ಅಂಗಡಿಗೆ ಬರುವ ಒಂದು ಬಗೆಯ ಚೀಟಿಯನ್ನು ನಾನು ದೂರದಿಂದಲೇ ಗುರುತಿಸುತ್ತೇನೆ. ಏಳೆಂಟು ಹೆಸರು, ಪಕ್ಕದಲ್ಲಿ 1-0-1, 0-0-1 ಎಂಬ ಲೆಕ್ಕ, ಮಡಿಸಿ ಮಡಿಸಿ ಸವೆದ ಅಂಚು. ಎಕೋ, ಅಂದರೆ ಹೃದಯದ ಸ್ಕ್ಯಾನ್ ವರದಿಯ ಒಂದು ಸಾಲು ಮಾತ್ರ ತಂದವರ ಬಾಯಲ್ಲಿರುತ್ತದೆ: ‘ಮಾವನ ಪಂಪಿಂಗ್ 30 ಇದೆಯಂತೆ.’ ಒಂದು ಬಡಿತಕ್ಕೆ ಹೃದಯ ತನ್ನೊಳಗಿನ ರಕ್ತದಲ್ಲಿ ಶೇಕಡಾ ಎಷ್ಟನ್ನು ಹೊರತಳ್ಳುತ್ತದೆ ಎಂಬ ಲೆಕ್ಕವೇ ಈ ಪಂಪಿಂಗ್.

ಮೊನ್ನೆ ಹಾಗೆ ಬಂದ ಒಬ್ಬ ಸೊಸೆ ಚೀಟಿ ಮುಂದಿಟ್ಟು, ‘ಅಣ್ಣಾ, ಈ ಸಲ ಎಲ್ಲವನ್ನೂ ಕೊಳ್ಳಲು ಆಗುವುದಿಲ್ಲ, ಎರಡು ಬಿಟ್ಟುಬಿಡಿ’ ಎಂದರು. ಯಾವ ಎರಡು ಎಂಬುದನ್ನೂ ಮನೆಯಲ್ಲೇ ತೀರ್ಮಾನಿಸಿಕೊಂಡು ಬಂದಿದ್ದರು. ಮಾವನಿಗೆ ಬಿ.ಪಿ. ಸರಿಯಿದೆ, ಆದ್ದರಿಂದ ಬಿ.ಪಿ. ಮಾತ್ರೆ ಬೇಡ. ಸಕ್ಕರೆ ಕಾಯಿಲೆ ಇಲ್ಲವೇ ಇಲ್ಲ, ಆದ್ದರಿಂದ ಶುಗರ್ ಮಾತ್ರೆ ಬೇಡ. ಉಳಿಸಿಕೊಳ್ಳಬೇಕಿದ್ದುದು ನೆಂಟರೊಬ್ಬರು ಹೇಳಿದ, ಹೊಳೆಯುವ ಡಬ್ಬಿಯಲ್ಲಿ ಬರುವ ಆ್ಯಂಟಿಆಕ್ಸಿಡೆಂಟ್ ಕ್ಯಾಪ್ಸೂಲು. ಅದು ವೈದ್ಯರ ಚೀಟಿಯಲ್ಲಿರಲಿಲ್ಲ. ಬೆಲೆ ನೋಡಿದರೆ ಬೇರೆ ಎರಡೂ ಸೇರಿದರೂ ಅದಕ್ಕಿಂತ ಕಡಿಮೆ.

ಆಕೆಯ ತರ್ಕದಲ್ಲಿ ತಪ್ಪು ಹುಡುಕುವುದು ಸುಲಭವಲ್ಲ. ಬಿ.ಪಿ. ಇಲ್ಲದವರಿಗೆ ಬಿ.ಪಿ. ಮಾತ್ರೆ ಏಕೆ? ಉತ್ತರ ಬೇಕೆಂದರೆ ಹೃದಯದೊಳಗಿನ ರಾಸಾಯನಿಕ ಒತ್ತಡದ ಕಥೆಯನ್ನು ಸ್ವಲ್ಪ ಕೇಳಬೇಕು. ಅದು ತಿಳಿದರೆ ಯಾವ ಮಾತ್ರೆ ಯಾವುದಕ್ಕಿಂತ ಮೇಲು ಎಂಬ ಹೋಲಿಕೆ ತಾನಾಗಿ ಬಿಡಿಸಿಕೊಳ್ಳುತ್ತದೆ.

ಈ ಒತ್ತಡ ಟೆನ್ಷನ್ ಅಲ್ಲ

ಹೃದಯ ವೈಫಲ್ಯವೆಂದರೆ ಹೃದಯ ನಿಂತುಹೋಗುವುದಲ್ಲ. ದೇಹಕ್ಕೆ ಬೇಕಾದಷ್ಟು ರಕ್ತ ತಳ್ಳಲಾರದೆ ಅದು ಸೋಲುತ್ತಿದೆ ಎಂದರ್ಥ. ಮೂತ್ರಪಿಂಡಕ್ಕೆ ಬರುವ ರಕ್ತ ಕಡಿಮೆಯಾದಾಗ ಅದಕ್ಕೆ ಕಾರಣ ತಿಳಿಯುವುದಿಲ್ಲ. ಎಲ್ಲೋ ಗಾಯವಾಗಿ ರಕ್ತ ಸೋರುತ್ತಿದೆ ಎಂದೇ ಭಾವಿಸಿ ರೆನಿನ್ ಎಂಬ ರಾಸಾಯನಿಕವನ್ನು ಸುರಿಸುತ್ತದೆ. ಅದರಿಂದ ಆಂಜಿಯೊಟೆನ್ಸಿನ್ ಹುಟ್ಟಿ ರಕ್ತನಾಳಗಳನ್ನು ಬಿಗಿಯುತ್ತದೆ; ಅದರ ಬೆನ್ನಿಗೆ ಆಲ್ಡೊಸ್ಟಿರೋನ್ ಬಂದು ಉಪ್ಪು ನೀರನ್ನು ಹಿಡಿದಿಡುತ್ತದೆ. ಇತ್ತ ನರಗಳು ನಾರ್‌ಅಡ್ರಿನಲಿನ್ ಚೆಲ್ಲಿ ಹೃದಯವನ್ನು ಜೋರಾಗಿ ಬಡಿಯುವಂತೆ ಮಾಡುತ್ತವೆ. ನಿಜವಾಗಿ ಗಾಯವಾಗಿದ್ದರೆ ಇಷ್ಟರಲ್ಲಿ ಜೀವ ಉಳಿಯುತ್ತಿತ್ತು. ಸೋತ ಹೃದಯದ ಮಟ್ಟಿಗೆ ಇದು ಮಂಡಿಯೂರಿದ ಎತ್ತಿನ ಮೇಲೆ ಬಾರುಕೋಲು ಬೀಸಿದಂತೆ. ನಾಲ್ಕು ಹೆಜ್ಜೆ ಎಳೆದೀತು, ಆಮೇಲೆ ಏಳಲಾರದು. ರಕ್ತದಲ್ಲಿ ನಾರ್‌ಅಡ್ರಿನಲಿನ್ ಹೆಚ್ಚಿದ್ದಷ್ಟೂ ಹೃದಯ ವೈಫಲ್ಯದ ರೋಗಿ ಬದುಕುವ ಕಾಲ ಕಡಿಮೆ ಎಂಬುದನ್ನು ಅಮೆರಿಕದ ಜೇ ಕೋನ್ ಮತ್ತು ಜೊತೆಗಾರರು 1984ರಲ್ಲೇ 106 ರೋಗಿಗಳಲ್ಲಿ ಅಳೆದು ತೋರಿಸಿದ್ದರು.

ಇದು ಮೊದಲ ಸುತ್ತು. ಎರಡನೆಯದು ಜೀವಕೋಶದೊಳಗೆ. ಆಂಜಿಯೊಟೆನ್ಸಿನ್ ಒಂದು ಕಿಣ್ವವನ್ನು ಎಬ್ಬಿಸಿ ಸೂಪರ್‌ಆಕ್ಸೈಡ್ ಎಂಬ ಪುಂಡ ಆಮ್ಲಜನಕವನ್ನು ಹುಟ್ಟಿಸುತ್ತದೆ. ನಾರ್‌ಅಡ್ರಿನಲಿನ್ ಒಡೆಯುವಾಗ ಹೈಡ್ರೋಜನ್ ಪೆರಾಕ್ಸೈಡ್ ಉಳಿಯುತ್ತದೆ. ಗಾಯ ತೊಳೆದಾಗ ನೊರೆಯೇಳುವ ಅದೇ ವಸ್ತು. ಜೀವಕೋಶಕ್ಕೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಗಳೂ ದಣಿದು ಇಂಥ ಪುಂಡ ಅಣುಗಳನ್ನು ಸೋರತೊಡಗುತ್ತವೆ. ಇವನ್ನೆಲ್ಲ ತಣಿಸಲು ಜೀವಕೋಶದಲ್ಲಿ ಕ್ಯಾಟಲೇಸ್‌ನಂಥ ಕಿಣ್ವಗಳಿವೆ. ಹುಟ್ಟುವುದು ಹೆಚ್ಚಾಗಿ ತಣಿಸುವುದು ಸಾಲದಾದ ಸ್ಥಿತಿಗೆ ಉತ್ಕರ್ಷಣ ಒತ್ತಡ ಎಂದು ಹೆಸರು. ಪರಿಣಾಮವಾಗಿ ಕ್ಯಾಲ್ಸಿಯಂ ಹತೋಟಿ ತಪ್ಪಿ ಸ್ನಾಯು ಸರಿಯಾಗಿ ಕುಗ್ಗುವುದಿಲ್ಲ, ಹಿಗ್ಗುವುದಿಲ್ಲ, ಕೋಶಗಳು ಸಾಯುತ್ತವೆ, ನಡುವೆ ನಾರು ಬೆಳೆದು ಹೃದಯ ಗಟ್ಟಿಯಾಗುತ್ತದೆ. ರಕ್ತನಾಳವನ್ನು ಸಡಿಲಿಸುವ ನೈಟ್ರಿಕ್ ಆಕ್ಸೈಡನ್ನು ಸೂಪರ್‌ಆಕ್ಸೈಡ್ ನುಂಗಿಹಾಕುತ್ತದೆ.

ಇಷ್ಟು ಕೇಳಿದವರಿಗೆ ಹೊಳೆಯುವ ಮೊದಲ ಉಪಾಯ ಕ್ಯಾಪ್ಸೂಲು ಮಾರುವವನ ಉಪಾಯವೇ. ಉತ್ಕರ್ಷಣ ತೊಂದರೆ ಕೊಡುತ್ತಿದ್ದರೆ ಅದನ್ನು ತಡೆಯುವ ವಿಟಮಿನ್ ಕೊಟ್ಟರಾಯಿತು! ವಿಜ್ಞಾನಿಗಳಿಗೂ ಹಾಗೆಯೇ ಹೊಳೆದಿತ್ತು. ಅವರು ಪರೀಕ್ಷೆ ಮಾಡಿ ನೋಡಿದರು.

ಕ್ಯಾಪ್ಸೂಲಿನ ಪರೀಕ್ಷೆ

ವಿಟಮಿನ್ ಇ ಮೇಲೆ ನಡೆದ ಹೋಪ್ ಎಂಬ ದೊಡ್ಡ ಪ್ರಯೋಗದಲ್ಲಿ ಒಂಬತ್ತೂವರೆ ಸಾವಿರ ಜನರಿದ್ದರು. ಎಲ್ಲರೂ 55 ದಾಟಿದವರು, ರಕ್ತನಾಳದ ಕಾಯಿಲೆ ಅಥವಾ ಮಧುಮೇಹ ಇದ್ದವರು. ದಿನಕ್ಕೆ 400 ಯೂನಿಟ್ ನುಂಗಿದವರಿಗೆ ಲಾಭವೇನೂ ಆಗಲಿಲ್ಲ ಎಂದು 2000ದಲ್ಲಿ ತಿಳಿಯಿತು. ಅವರಲ್ಲಿ ಹಲವರನ್ನು ಇನ್ನಷ್ಟು ವರ್ಷ ಹಿಂಬಾಲಿಸಿದಾಗ, 2005ರಲ್ಲಿ, ಕಹಿ ಸುದ್ದಿ ಬಂತು: ವಿಟಮಿನ್ ಇ ತೆಗೆದುಕೊಂಡವರಲ್ಲಿ ಹೃದಯ ವೈಫಲ್ಯ ಶೇ. 13ರಷ್ಟು ಹೆಚ್ಚು, ಅದಕ್ಕಾಗಿ ಆಸ್ಪತ್ರೆ ಸೇರುವುದು ಶೇ. 21ರಷ್ಟು ಹೆಚ್ಚು. ‘ಒಳ್ಳೆಯದಾಗದಿದ್ದರೂ ಕೆಟ್ಟದಾಗುವುದಿಲ್ಲ’ ಎನ್ನುವ ಮಾತನ್ನು ಈ ಒಂದು ವಸ್ತುವಿನ ವಿಷಯದಲ್ಲಿ ನಾನು ಕೌಂಟರಿನ ಆಚೆ ಯಾರಿಗೂ ಹೇಳುವುದಿಲ್ಲ.

ಯೂರಿಕ್ ಆಮ್ಲದ ಮಾತ್ರೆ ಅಲೋಪ್ಯೂರಿನಾಲ್ ಕಥೆ ಇನ್ನೂ ಪಾಠ ಕಲಿಸುವಂಥದು. ಸೂಪರ್‌ಆಕ್ಸೈಡ್ ಹುಟ್ಟಿಸುವ ಕಿಣ್ವಗಳಲ್ಲೊಂದನ್ನು ಅದು ನೇರವಾಗಿ ತಡೆಯುತ್ತದೆ. ಕಾಗದದ ಮೇಲೆ ಇದಕ್ಕಿಂತ ತಕ್ಕ ಮದ್ದು ಇಲ್ಲ. ಪಂಪಿಂಗ್ ಕಡಿಮೆಯಿದ್ದು ಯೂರಿಕ್ ಆಮ್ಲ ಹೆಚ್ಚಿದ್ದ 253 ರೋಗಿಗಳಿಗೆ 24 ವಾರ ಕೊಟ್ಟು ನೋಡಿದ ಪ್ರಯೋಗದ ಫಲ 2015ರಲ್ಲಿ ಹೊರಬಂತು. ಯೂರಿಕ್ ಆಮ್ಲ ಇಳಿಯಿತು. ರೋಗಿ ಇದ್ದಂತೆಯೇ ಇದ್ದ. ಸಂಧಿವಾತಕ್ಕಾಗಿ ಅದನ್ನು ತೆಗೆದುಕೊಳ್ಳುತ್ತಿರುವವರು ಮುಂದುವರಿಸಲಿ, ಹೃದಯಕ್ಕಾಗಿ ಬೇಡ.

ಏಕೆ ಸೋತವು? ನುಂಗಿದ ವಿಟಮಿನ್ ಮೈಟೊಕಾಂಡ್ರಿಯದ ಒಳಗಿನ ಗಲಾಟೆಯ ಜಾಗಕ್ಕೆ ಬೇಕಾದಷ್ಟು ತಲುಪುವುದಿಲ್ಲ. ತಲುಪಿದರೂ ಸೂಪರ್‌ಆಕ್ಸೈಡು ನೈಟ್ರಿಕ್ ಆಕ್ಸೈಡನ್ನು ಹಿಡಿಯುವ ವೇಗದ ಮುಂದೆ ಅದು ಓಡಲಾರದು. ಮೇಲಾಗಿ ಈ ಪುಂಡ ಅಣುಗಳು ಸ್ವಲ್ಪ ಪ್ರಮಾಣದಲ್ಲಿದ್ದಾಗ ಜೀವಕೋಶದ ಸುದ್ದಿವಾಹಕಗಳೂ ಹೌದು; ಎಲ್ಲವನ್ನೂ ಒರೆಸಿಬಿಟ್ಟರೆ ಒಳ್ಳೆಯ ಸುದ್ದಿಯೂ ತಪ್ಪುತ್ತದೆ.

ಒಂದು ಅಪವಾದವನ್ನು ಪ್ರಾಮಾಣಿಕವಾಗಿ ಹೇಳಬೇಕು: ಕೋಎನ್ಜೈಮ್ ಕ್ಯೂ10. ದಿನಕ್ಕೆ ಮೂರು ಸಲ 100 ಮಿಲಿಗ್ರಾಂನಂತೆ ಎರಡು ವರ್ಷ ಕೊಟ್ಟ, 420 ರೋಗಿಗಳ ಪ್ರಯೋಗ 2014ರಲ್ಲಿ ಪ್ರಕಟವಾಯಿತು. ಹೃದಯದ ದೊಡ್ಡ ಅವಘಡಗಳು ಶೇ. 26ರಿಂದ 15ಕ್ಕೆ ಇಳಿದಿದ್ದವು. ಆಸೆ ಹುಟ್ಟಿಸುವ ಸಂಖ್ಯೆಯೇ. ಆದರೆ ಪ್ರಯೋಗ ಚಿಕ್ಕದು. ಕೆಳಗೆ ಹೇಳುವ ಮಾತ್ರೆಗಳಿಗಿರುವಂತೆ ಸಾವಿರಾರು ರೋಗಿಗಳ ಸಾಕ್ಷಿ ಇದರ ಬೆನ್ನಿಗಿಲ್ಲ. ಎಲ್ಲ ಮಾತ್ರೆಗೂ ದುಡ್ಡಿದ್ದು, ವೈದ್ಯರೂ ಒಪ್ಪಿದರೆ ತೆಗೆದುಕೊಳ್ಳಬಹುದು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ನುಂಗುವವರು ಹೇಳದೆ ಶುರುಮಾಡಬಾರದು, ಅದರ ಪರಿಣಾಮವನ್ನು ಇದು ತಗ್ಗಿಸಬಹುದು. ಹೊಳೆಮತ್ತಿ ತೊಗಟೆಯ ಬಗ್ಗೆಯೂ ಬಹಳ ಜನ ಕೇಳುತ್ತಾರೆ. ಪಂಪಿಂಗ್ ಕುಸಿದವರ ಜೀವ ಉಳಿಸುತ್ತದೆಂದು ತೋರಿಸಿದ ದೊಡ್ಡ ಪ್ರಯೋಗ ಅದಕ್ಕಿಲ್ಲ. ಕೆಳಗೆ ಹೇಳುವ ನಾಲ್ಕು ಬಗೆಯ ಮಾತ್ರೆಗಳ ಜಾಗಕ್ಕೆ ಅದನ್ನು ತರಬೇಡಿ ಎನ್ನುವಷ್ಟೇ ನನ್ನ ಮಾತು.

ಚೀಟಿಯಲ್ಲಿರುವ ನಿಜವಾದ ಉತ್ಕರ್ಷಣ ನಿರೋಧಕಗಳು

ಹುಟ್ಟಿದ ಪುಂಡ ಅಣುಗಳನ್ನು ಹಿಡಿಯುವುದು ಕ್ಯಾಪ್ಸೂಲಿನ ಹಾದಿ. ಅವನ್ನು ಹುಟ್ಟಿಸುವ ಆಂಜಿಯೊಟೆನ್ಸಿನ್, ಆಲ್ಡೊಸ್ಟಿರೋನ್, ನಾರ್‌ಅಡ್ರಿನಲಿನ್‌ಗಳ ಕೈ ಕಟ್ಟುವುದು ಇನ್ನೊಂದು ಹಾದಿ. ಗೆದ್ದದ್ದು ಈ ಎರಡನೆಯದು. ಸೊಸೆ ಬಿಡಬೇಕೆಂದಿದ್ದ ‘ಬಿ.ಪಿ. ಮಾತ್ರೆ’ಗಳು ಇದೇ ಗುಂಪಿನವು. ಪಂಪಿಂಗ್ 40 ಅಥವಾ ಅದಕ್ಕಿಂತ ಕಡಿಮೆ ಇದ್ದವರಿಗೆ ಇಂದು ನಾಲ್ಕು ಬಗೆ ಬೇಕು. ನಾಲ್ಕೂ ಒಂದಕ್ಕೊಂದು ಬದಲಿಯಲ್ಲ. ಆಯ್ಕೆ ಇರುವುದು ಪ್ರತಿ ಬಗೆಯ ಒಳಗೆ.

ಮೊದಲು ಬೀಟಾ ಬ್ಲಾಕರ್, ಅಂದರೆ ಬಾರುಕೋಲು ಕಿತ್ತುಕೊಳ್ಳುವ ಮಾತ್ರೆ. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಫಿನ್ ವಾಗ್‌ಸ್ಟೈನ್ 1975ರಲ್ಲಿ ಏಳು ರೋಗಿಗಳಿಗೆ ಕೊಟ್ಟು ಸುಧಾರಿಸಿತು ಎಂದಾಗ ಹೆಚ್ಚಿನವರು ನಂಬಲಿಲ್ಲ. ಸೋತ ಹೃದಯವನ್ನು ಇನ್ನೂ ನಿಧಾನಗೊಳಿಸುವುದೇ? ಅದಕ್ಕೆ ತದ್ವಿರುದ್ಧವಾಗಿ ಹೃದಯವನ್ನು ಹುರಿದುಂಬಿಸುವ ಮಿಲ್ರಿನೋನ್ ಮಾತ್ರೆಯನ್ನು ಪರೀಕ್ಷಿಸಿದಾಗ ಸಾವು ಶೇ. 28ರಷ್ಟು ಏರಿದ್ದು 1991ರಲ್ಲಿ ತಿಳಿಯಿತು. ಬೀಟಾ ಬ್ಲಾಕರ್ ಪಕ್ಷ ಗೆದ್ದದ್ದು 1999ರ ಹೊತ್ತಿಗೆ: ಬೈಸೊಪ್ರೊಲಾಲ್ ಮತ್ತು ಮೆಟೊಪ್ರೊಲಾಲ್ ಸಕ್ಸಿನೇಟ್ ಎರಡೂ ಸಾವನ್ನು ಶೇ. 34ರಷ್ಟು ತಗ್ಗಿಸಿದ್ದವು. 2001ರಲ್ಲಿ ಕಾರ್ವೆಡಿಲಾಲ್ ತೀವ್ರ ರೋಗಿಗಳಲ್ಲೂ ಶೇ. 35 ತೋರಿಸಿತು.

ಈ ಮೂರರಲ್ಲಿ ಯಾವುದು? ಕಾರ್ವೆಡಿಲಾಲ್ ಅಣುವಿಗೆ ಸ್ವತಃ ಉತ್ಕರ್ಷಣ ತಡೆಯುವ ಗುಣವಿದೆ, ಆದ್ದರಿಂದ ಅದೇ ಶ್ರೇಷ್ಠ ಎಂದು ಔಷಧಿ ಪ್ರತಿನಿಧಿಗಳು ಹೇಳುವುದನ್ನು ನಾನು ವರ್ಷಗಟ್ಟಲೆ ಕೇಳಿದ್ದೇನೆ. ಆಧಾರವಾಗಿ ಅವರು 2003ರ ಕೋಮೆಟ್ ಪ್ರಯೋಗವನ್ನು ತೋರಿಸುತ್ತಾರೆ: ಸಾವು ಕಾರ್ವೆಡಿಲಾಲ್‌ನಲ್ಲಿ ಶೇ. 34, ಮೆಟೊಪ್ರೊಲಾಲ್‌ನಲ್ಲಿ ಶೇ. 40. ಅವರು ಹೇಳದೆ ಬಿಡುವುದೇನೆಂದರೆ, ಅಲ್ಲಿ ಎದುರಾಳಿಯಾಗಿದ್ದುದು ಮೆಟೊಪ್ರೊಲಾಲ್‌ನ ಇನ್ನೊಂದು ರೂಪ, ಬೇಗ ಇಳಿದುಹೋಗುವ ಟಾರ್ಟ್ರೇಟ್. ಹೃದಯ ವೈಫಲ್ಯದಲ್ಲಿ ಗೆದ್ದಿದ್ದ, ಇಡೀ ದಿನ ನಿಲ್ಲುವ ಸಕ್ಸಿನೇಟ್ ಅಲ್ಲ. ಆದ್ದರಿಂದ ನನ್ನ ಲೆಕ್ಕ ಬೇರೆ. ಆಸ್ತಮಾದ ಗುಣವಿದ್ದರೆ ಕಾರ್ವೆಡಿಲಾಲ್ ಬೇಡ, ಬೈಸೊಪ್ರೊಲಾಲ್ ವಾಸಿ. ಬಿ.ಪಿ. ಹೆಚ್ಚೇ ಇದ್ದರೆ ರಕ್ತನಾಳವನ್ನೂ ಸಡಿಲಿಸುವ ಕಾರ್ವೆಡಿಲಾಲ್ ಒಳ್ಳೆಯದು. ದಿನಕ್ಕೆ ಎರಡು ಸಲ, ಊಟದ ಜೊತೆ. ಮಧ್ಯಾಹ್ನದ ಹೊತ್ತಿಗೆ ಮಾತ್ರೆಯನ್ನೇ ಮರೆಯುವ ಹಿರಿಯರಿಗೆ ದಿನಕ್ಕೊಂದೇ ಸಾಕಾಗುವ ಬೈಸೊಪ್ರೊಲಾಲ್ ಅಥವಾ ಸಕ್ಸಿನೇಟ್. ಮೆಟೊಪ್ರೊಲಾಲ್ ಕೊಳ್ಳುವಾಗ ಸ್ಟ್ರಿಪ್ಪಿನ ಹಿಂದೆ ಸಣ್ಣ ಅಕ್ಷರದಲ್ಲಿ ಸಕ್ಸಿನೇಟ್ ಇದೆಯೋ ಟಾರ್ಟ್ರೇಟ್ ಇದೆಯೋ ಓದಿ. ಅಂಗಡಿಯಲ್ಲಿ ‘ಅದೇ ಕಂಟೆಂಟು’ ಎಂದು ಬದಲಿಸಿಕೊಟ್ಟರೂ ಒಪ್ಪಬೇಡಿ. ನನ್ನ ಅಂಗಡಿಯಲ್ಲಾದರೂ ಸರಿ. ಮೂರರಲ್ಲಿ ಯಾವುದೇ ಆಗಲಿ, ಸಣ್ಣ ಪ್ರಮಾಣದಿಂದ ಏರಿಸುತ್ತಾ ಹೋಗುವುದು ವೈದ್ಯರ ಕೆಲಸ, ಥಟ್ಟನೆ ನಿಲ್ಲಿಸದಿರುವುದು ನಿಮ್ಮ ಕೆಲಸ.

ಎರಡನೆಯ ಬಗೆ ಆಂಜಿಯೊಟೆನ್ಸಿನ್ ವಿರುದ್ಧದ್ದು. ಇಲ್ಲಿ ಅಗ್ಗ ಮತ್ತು ದುಬಾರಿಯ ನಡುವೆ ನಿಜವಾದ ಆಯ್ಕೆ ಇದೆ. ಹಳೆಯದು ಎನಾಲಪ್ರಿಲ್. 1987ರಲ್ಲಿ, ಹಾಸಿಗೆ ಹಿಡಿದಂಥ 253 ರೋಗಿಗಳಲ್ಲಿ ಆರು ತಿಂಗಳ ಸಾವನ್ನು ಅದು ಶೇ. 44ರಿಂದ 26ಕ್ಕೆ ಇಳಿಸಿತು. ಒಣಕೆಮ್ಮು ಅದರ ಕಾಟ. ಕೆಮ್ಮು ಸಹಿಸಲಾಗದಿದ್ದರೆ ವಾಲ್ಸಾರ್ಟಾನ್, ಲೊಸಾರ್ಟಾನ್ ಗುಂಪಿಗೆ ಹೋಗಬೇಕು. ಹೊಸದು ಸ್ಯಾಕ್ಯುಬಿಟ್ರಿಲ್ ಬೆರೆತ ವಾಲ್ಸಾರ್ಟಾನ್. 2014ರ ಪ್ರಯೋಗದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ರೋಗಿಗಳ ನಡುವೆ ಇದನ್ನು ಎನಾಲಪ್ರಿಲ್ ಎದುರೇ ನಿಲ್ಲಿಸಿದರು: ಹೃದಯದ ಸಾವು ಅಥವಾ ಆಸ್ಪತ್ರೆ ಸೇರುವಿಕೆ ಶೇ. 26.5ರ ಎದುರು 21.8. ಹೊಸದೇ ಮೇಲು, ಅನುಮಾನವಿಲ್ಲ. 2023ರಿಂದೀಚೆಗೆ ಹಲವು ಕಂಪನಿಗಳು ತಯಾರಿಸುತ್ತಿರುವುದರಿಂದ ನಮ್ಮಲ್ಲಿ ಬೆಲೆಯೂ ಇಳಿದಿದೆ. ಆದರೂ ಕೈಗೆಟುಕದಿದ್ದರೆ, ತಿಂಗಳು ಬಿಟ್ಟು ತಿಂಗಳು ಹೊಸದನ್ನು ನುಂಗುವುದಕ್ಕಿಂತ ತಪ್ಪದೆ ಎನಾಲಪ್ರಿಲ್ ನುಂಗುವುದು ಎಷ್ಟೋ ಲೇಸು. ವೈದ್ಯರಿಗೆ ಸಂಕೋಚವಿಲ್ಲದೆ ಹೇಳಿ, ಬದಲಿಸಿಕೊಡುತ್ತಾರೆ. ಎರಡನ್ನೂ ಒಟ್ಟಿಗೆ ಮಾತ್ರ ಎಂದೂ ನುಂಗಬಾರದು. ಒಂದರಿಂದ ಇನ್ನೊಂದಕ್ಕೆ ಹೋಗುವಾಗ 36 ಗಂಟೆಯ ಬಿಡುವು ಬೇಕು, ಇಲ್ಲದಿದ್ದರೆ ಮುಖ, ಗಂಟಲು ಊದಿಕೊಂಡು ಉಸಿರೇ ಕಟ್ಟಬಹುದು. ಮನೆಯಲ್ಲಿ ಉಳಿದ ಹಳೆಯ ಸ್ಟ್ರಿಪ್ಪನ್ನು ಮುಗಿಸಿಬಿಡೋಣ ಎನ್ನುವ ಮಿತವ್ಯಯ ಇಲ್ಲಿ ಅಪಾಯ.

ಆಲ್ಡೊಸ್ಟಿರೋನ್ ತಡೆಯುವ ಸ್ಪೈರೊನೊಲ್ಯಾಕ್ಟೋನ್ ಅಗ್ಗದ್ದು, ಹಳೆಯದು. 1999ರ ಪ್ರಯೋಗದಲ್ಲಿ ತೀವ್ರ ರೋಗಿಗಳ ಸಾವನ್ನು ಶೇ. 46ರಿಂದ 35ಕ್ಕೆ ತಂದಿತು. ಗಂಡಸರಲ್ಲಿ ಹತ್ತರಲ್ಲೊಬ್ಬರಿಗೆ ಎದೆ ಊದಿಕೊಳ್ಳುವುದೋ ನೋಯುವುದೋ ಆಗುತ್ತದೆ. ನಾಚಿಕೆಯಿಂದ ಯಾರಿಗೂ ಹೇಳದೆ ಮಾತ್ರೆ ಬಿಟ್ಟವರನ್ನು ಕಂಡಿದ್ದೇನೆ. ಅಂಥವರಿಗೇ ಎಪ್ಲೆರಿನೋನ್ ಇರುವುದು. ಬೆಲೆ ಹೆಚ್ಚು, ಆ ತೊಂದರೆ ಬಹಳ ಕಡಿಮೆ. ಎರಡರಲ್ಲೂ ಪೊಟ್ಯಾಸಿಯಂ ಏರಬಹುದು, ರಕ್ತಪರೀಕ್ಷೆ ತಪ್ಪಿಸುವಂತಿಲ್ಲ.

ನಾಲ್ಕನೆಯದು ಸೊಸೆಯ ‘ಶುಗರ್ ಮಾತ್ರೆ’: ಡಾಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್. 2019ರಲ್ಲಿ 4744 ರೋಗಿಗಳ ಮೇಲೆ ಡಾಪಾಗ್ಲಿಫ್ಲೋಜಿನ್ ಪ್ರಯೋಗ ಮುಗಿದಾಗ ಸಾವು ಅಥವಾ ರೋಗ ಉಲ್ಬಣಿಸುವುದು ಶೇ. 21.2ರಿಂದ 16.3ಕ್ಕೆ ಇಳಿದಿತ್ತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಮಧುಮೇಹವೇ ಇರಲಿಲ್ಲ, ಲಾಭ ಅವರಿಗೂ ಅಷ್ಟೇ ಸಿಕ್ಕಿತು. ಎರಡರ ನಡುವೆ ಆರಿಸಲು ತಲೆ ಕೆಡಿಸಿಕೊಳ್ಳಬೇಕಿಲ್ಲ. ಎರಡಕ್ಕೂ ದಿನಕ್ಕೊಂದೇ 10 ಮಿಲಿಗ್ರಾಂ, ಪ್ರಮಾಣ ಏರಿಸುವ ಗೋಜಿಲ್ಲ. ಎಂಪಾಗ್ಲಿಫ್ಲೋಜಿನ್ ಪೇಟೆಂಟ್ 2025ರ ಮಾರ್ಚ್‌ನಲ್ಲಿ ಮುಗಿದ ಮೇಲೆ ಬೆಲೆಯ ಅಂತರವೂ ಹೋಗಿದೆ. ಯಾವುದು ಅಗ್ಗವೋ ಅದು. ಮೂತ್ರದಲ್ಲಿ ಸಕ್ಕರೆ ಹೋಗುವುದರಿಂದ ಗುಪ್ತಾಂಗದಲ್ಲಿ ಶಿಲೀಂಧ್ರದ ತುರಿಕೆ ಬರಬಹುದು, ಶುಚಿಯೇ ಅದಕ್ಕೆ ಮೊದಲ ಮದ್ದು. ವಾಂತಿ ಭೇದಿಯಾಗಿ ಊಟ ನೀರು ಸೇರದ ದಿನ, ಶಸ್ತ್ರಚಿಕಿತ್ಸೆಗೆ ಮೊದಲು, ಇದನ್ನು ನಿಲ್ಲಿಸಬೇಕೇ ಎಂದು ಕೇಳಿಕೊಳ್ಳಿ. ಎಕೋದಲ್ಲಿ ಪಂಪಿಂಗ್ 50ಕ್ಕಿಂತ ಹೆಚ್ಚಿದ್ದೂ ಹೃದಯ ವೈಫಲ್ಯ ಎಂದು ಬರೆದಿದ್ದರೆ, ಗಟ್ಟಿ ಸಾಕ್ಷ್ಯವಿರುವ ಮೊದಲ ಮಾತ್ರೆ ಇದೇ.

ಇನ್ನುಳಿದವು. ನೀರಿನ ಮಾತ್ರೆಗಳಲ್ಲಿ ಫ್ಯುರೊಸೆಮೈಡ್ ಮೇಲೋ ಟಾರ್ಸೆಮೈಡ್ ಮೇಲೋ ಎಂಬ ಹಳೆಯ ಜಗಳ 2023ರಲ್ಲಿ ತೀರಿತು: ಸಾವಿನ ಪ್ರಮಾಣ ಎರಡರಲ್ಲೂ ಶೇ. 26 ಚಿಲ್ಲರೆ. ಅವು ಉಬ್ಬಸ, ಕಾಲಿನ ಬಾವು ಇಳಿಸುತ್ತವೆ, ಒಳಗಿನ ರಾಸಾಯನಿಕ ಒತ್ತಡವನ್ನಲ್ಲ. ಡಿಗಾಕ್ಸಿನ್ ಆಸ್ಪತ್ರೆಯ ಓಡಾಟ ತಗ್ಗಿಸುತ್ತದೆ, ಆಯುಷ್ಯ ಬೆಳೆಸಿದ್ದು ಕಾಣಲಿಲ್ಲ. ಹೈಡ್ರಲಜೀನ್ ಮತ್ತು ನೈಟ್ರೇಟ್ ಜೋಡಿಯ ಬಗ್ಗೆ ನನಗೆ ವಿಶೇಷ ಕುತೂಹಲ. ಒಂದು ನೈಟ್ರಿಕ್ ಆಕ್ಸೈಡ್ ಕೊಡುತ್ತದೆ, ಇನ್ನೊಂದು ಅದನ್ನು ನುಂಗುವ ಸೂಪರ್‌ಆಕ್ಸೈಡ್ ಹುಟ್ಟದಂತೆ ಕಾಯುತ್ತದೆ. ಉತ್ಕರ್ಷಣ ಒತ್ತಡಕ್ಕೆ ಇಷ್ಟು ನೇರವಾಗಿ ಕೈ ಹಾಕಿ ಗೆದ್ದ ಮದ್ದು ಇದೊಂದೇ ಎನ್ನಬಹುದು. 2004ರಲ್ಲಿ ಅಮೆರಿಕದ 1050 ಕಪ್ಪು ಜನಾಂಗದ ರೋಗಿಗಳಲ್ಲಿ ಸಾವನ್ನು ಶೇ. 10.2ರಿಂದ 6.2ಕ್ಕೆ ಇಳಿಸಿತು. ನಮ್ಮಲ್ಲಿ ಇದರ ಜಾಗ, ಮೂತ್ರಪಿಂಡ ಅಥವಾ ಪೊಟ್ಯಾಸಿಯಂ ಕಾರಣದಿಂದ ಎರಡನೆಯ ಬಗೆಯ ಮಾತ್ರೆ ಒಗ್ಗದವರಿಗೆ. ದಿನಕ್ಕೆ ಮೂರು ಸಲ ನುಂಗಬೇಕು, ಅದೇ ಕಷ್ಟ.

ಚೀಟಿಯಾಚೆಯ ಶತ್ರುಗಳು

ನಾಲ್ಕೂ ಸರಿಯಾಗಿ ನುಂಗಿ ಮಂಡಿನೋವಿಗೆಂದು ಡೈಕ್ಲೋಫೆನಾಕ್, ಐಬುಪ್ರೊಫೆನ್ ಸೇರಿಸಿದರೆ ಉಪ್ಪು ನೀರು ಮತ್ತೆ ಮೈಯಲ್ಲಿ ನಿಲ್ಲುತ್ತದೆ. ನಿಜವಾಗಿ ಸಕ್ಕರೆ ಕಾಯಿಲೆ ಇರುವವರ ಚೀಟಿಯಲ್ಲಿ ಪಯೋಗ್ಲಿಟಾಜೋನ್ ಇದ್ದರೆ ಹೃದಯದ ವೈದ್ಯರಿಗೆ ತೋರಿಸಿ. ಅದು ನೀರು ತುಂಬಿಸುವ ಮಾತ್ರೆ. ನೀರಿನಲ್ಲಿ ಬುರುಬುರು ಕರಗುವ ಮಾತ್ರೆಗಳಲ್ಲಿ ಸೋಡಿಯಂ ಇರುತ್ತದೆ. ‘ಕಡಿಮೆ ಸೋಡಿಯಂ’ ಉಪ್ಪಿನಲ್ಲಿ ಸೋಡಿಯಂ ಜಾಗಕ್ಕೆ ಪೊಟ್ಯಾಸಿಯಂ ತುಂಬಿರುತ್ತಾರೆ, ಸ್ಪೈರೊನೊಲ್ಯಾಕ್ಟೋನ್ ನುಂಗುವವರಿಗೆ ಅದು ಸಲ್ಲದು.

ಹತ್ತು ವರ್ಷದ ಹಿಂದೆ, ನಾಲ್ಕನೆಯದು ಬರುವ ಮೊದಲು, ಉಳಿದ ಮೂರೂ ಬಗೆ ಇರುವ ಚೀಟಿಯೇ ನಮ್ಮ ಊರಿನಲ್ಲಿ ಅಪರೂಪ. ಪಕ್ಕದ ಕೇರಳದಲ್ಲೂ ಹೀಗೆಯೇ ಇತ್ತು: 2013ರಲ್ಲಿ ತಿರುವನಂತಪುರ ಜಿಲ್ಲೆಯಲ್ಲಿ ದಾಖಲಿಸಿದ 1205 ರೋಗಿಗಳ ಪೈಕಿ, ಪಂಪಿಂಗ್ ಕಡಿಮೆ ಇದ್ದವರಲ್ಲಿ ಕಾಲು ಭಾಗಕ್ಕೆ ಮಾತ್ರ ಆಗಿನ ಮಾರ್ಗಸೂಚಿಯಂತೆ ಔಷಧಿ ಸಿಕ್ಕಿತ್ತು. ರೋಗಿಗಳ ಸರಾಸರಿ ವಯಸ್ಸು 61.

ಆ ದಿನ ಸೊಸೆಯ ಎದುರೇ ವೈದ್ಯರಿಗೆ ಫೋನ್ ಮಾಡಿದೆ. ಅವರು ದುಬಾರಿ ಸ್ಯಾಕ್ಯುಬಿಟ್ರಿಲ್-ವಾಲ್ಸಾರ್ಟಾನ್ ಜೋಡಿಮಾತ್ರೆಯ ಬದಲು ಎನಾಲಪ್ರಿಲ್ ಹೇಳಿದರು, ಎರಡು ದಿನ ಬಿಟ್ಟು ಶುರುಮಾಡಿ ಎಂದರು. ಶುಗರ್ ಮಾತ್ರೆಯನ್ನು ಅಗ್ಗದ ಕಂಪನಿಯದಕ್ಕೆ ಬದಲಿಸಿದೆವು. ಕ್ಯಾಪ್ಸೂಲು ಡಬ್ಬಿ ಕಪಾಟಿಗೆ ವಾಪಸಾಯಿತು. ಬಿಲ್ಲು ಆಕೆ ತಂದ ದುಡ್ಡಿನೊಳಗೆ ಬಂತು. ಉಳಿದುದರಲ್ಲಿ ತೂಕದ ಯಂತ್ರವೊಂದನ್ನು ಕೊಳ್ಳಿ, ದಿನಾ ಬೆಳಿಗ್ಗೆ ಮೂತ್ರಕ್ಕೆ ಹೋಗಿಬಂದ ಮೇಲೆ ಮಾವನನ್ನು ನಿಲ್ಲಿಸಿ ಬರೆದಿಡಿ, ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಕಾಯದೆ ವೈದ್ಯರಿಗೆ ಹೇಳಿ ಎಂದೆ.

ಮೆಟ್ಟಿಲಿಳಿದವರು ಮತ್ತೆ ಹತ್ತಿ ಬಂದರು. ‘ತೋಟದಲ್ಲಿ ನಮ್ಮದೇ ಎಳನೀರಿದೆ ಅಣ್ಣಾ. ಅದು ಔಷಧಿಯಲ್ಲವಲ್ಲ, ದಿನಾ ಒಂದು ಕೊಡಲೇ?’

‘ಕಳೆದ ತಿಂಗಳ ರಕ್ತಪರೀಕ್ಷೆಯ ಕಾಗದ ಇದೆಯೇ ಅಮ್ಮಾ?’ ಎಂದು ಕೇಳಿದೆ. ಪೊಟ್ಯಾಸಿಯಂ ಎಂದಿದ್ದ ಸಾಲಿನಲ್ಲಿ 5.3 ಎಂದಿತ್ತು. ಅದಾಗಲೇ ಹೆಚ್ಚು, ಎಳನೀರಿನಲ್ಲಿರುವುದೂ ಪೊಟ್ಯಾಸಿಯಮ್ಮೇ. ಎಳನೀರು ಬೇಡ ಎಂದು ಚೀಟಿಯ ಹಿಂದೆ ಕನ್ನಡದಲ್ಲೇ ಬರೆದು, ವೈದ್ಯರಿಗೆ ಇನ್ನೊಮ್ಮೆ ಫೋನ್ ಹಚ್ಚಿದೆ.